ದುಂಡಕ್ಷರವೂ ಚೌಕ ಮೊಳೆಯೂ

ಕನ್ನಡ ಲಿಪಿ ಕಣ್ಣಿಗೆ ಚೆಂದ, ಯಂತ್ರಕ್ಕೆ ತೊಡಕು. 20ನೇ ಶತಮಾನದ ಬಹುಪಾಲು ಈ ಮಾತು ಓದುಬರಹ ಬಲ್ಲವರ ನಡುವೆ ಯಾರೂ ಪ್ರಶ್ನಿಸದ ಸಂಗತಿಯಂತೆ ಓಡಾಡಿತು. ಒತ್ತಕ್ಷರವನ್ನು ಅಡಿಯಲ್ಲಿ ಬರೆಯುವುದೇ ಬೇಡ, ಅರ್ಧಾಕ್ಷರ ಮಾಡಿ ಸಾಲಿನಲ್ಲೇ ಇಡೋಣ ಎಂದವರಿದ್ದರು. ಕಾಗುಣಿತದ ಗುರುತುಗಳನ್ನೆಲ್ಲ ಒಂದೇ ಅಳತೆಗೆ ತರೋಣ ಎಂದವರಿದ್ದರು. ದೇಶಕ್ಕೆಲ್ಲ ನಾಗರಿಯೋ ರೋಮನ್ನೋ ಯಾವುದಾದರೂ ಒಂದು ಲಿಪಿ ಸಾಕು ಎಂದವರೂ ಇದ್ದರು. ಹೀಗೆ ಹೇಳಿದವರು ಭಾಷೆಯ ವೈರಿಗಳೇನಲ್ಲ. ಪುಸ್ತಕ ಅಗ್ಗವಾಗಬೇಕು, ಪತ್ರಿಕೆ ಬೇಗ ಹೊರಬರಬೇಕು, ಹಳ್ಳಿಯ ಶಾಲೆಗೂ ಪಠ್ಯ ತಲುಪಬೇಕು ಎಂಬ ಕಾಳಜಿ ಅವರದು. ಮಹಾಪ್ರಾಣಗಳನ್ನು ಬಿಡಬೇಕೆಂದು ಡಿ.ಎನ್. ಶಂಕರ ಭಟ್ಟರು ಈಚೆಗೆ ಹೂಡಿದ ವಾದ ಬೇರೆ ಜಾತಿಯದು. ಅದು ಉಲಿಯ ಲೆಕ್ಕ, ಅಚ್ಚಿನದಲ್ಲ. ಅಚ್ಚಿನ ಹೆಸರು ಹೇಳಿ ಲಿಪಿಯ ಮೇಲೆ ಹೊರಿಸಿದ ದೂರು ಮಾತ್ರ ತಪ್ಪು ವಿಳಾಸಕ್ಕೆ ಹೋಗಿತ್ತು ಎಂದು ನನ್ನ ತಿಳಿವಳಿಕೆ. ತೊಡಕು ಹುಟ್ಟಿದ್ದು ಅಕ್ಷರವನ್ನು ಹೊತ್ತ ಸೀಸದ ತುಂಡಿನ ಆಕಾರದಿಂದ. ಅದಕ್ಕೂ ಅಚ್ಚುಕೂಟದವರು 19ನೇ ಶತಮಾನದಲ್ಲೇ ಒಂದು ದಾರಿ ಕಂಡುಕೊಂಡಿದ್ದರು. ಸುಧಾರಕರು ಮಾತಿಗೆ ತೊಡಗುವ ಹೊತ್ತಿಗೆ ಆ ದಾರಿ ಸವೆದು ಹಳತಾಗಿತ್ತು.

ಮೊದಲು ಮೊಳೆಯನ್ನೇ ನೋಡಬೇಕು. ಅಚ್ಚುಮೊಳೆ ಎಂದರೆ ಸೀಸ, ಆಂಟಿಮನಿ, ತವರ ಬೆರೆಸಿ ಎರಕ ಹೊಯ್ದ ಚಿಕ್ಕ ಕಂಬ. ಸೀಸ ಬೇಗ ಕರಗುತ್ತದೆ, ಆಂಟಿಮನಿಯಿಂದ ಗಡಸು ಬರುತ್ತದೆ, ತವರ ಎರಡನ್ನೂ ಹದವಾಗಿ ಬೆಸೆಯುತ್ತದೆ. ಕಂಬದ ನೆತ್ತಿಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವಾಗಿ ಉಬ್ಬಿ ನಿಂತಿರುತ್ತದೆ. ಎತ್ತರ ಎಲ್ಲ ಮೊಳೆಗೂ ಒಂದೇ, ಇಂಗ್ಲಿಷ್ ಪದ್ಧತಿಯಲ್ಲಿ 0.918 ಅಂಗುಲ. ಒಂದು ಮೊಳೆ ತುಸು ಗಿಡ್ಡವಾದರೆ ಅದಕ್ಕೆ ಶಾಯಿ ತಗಲುವುದಿಲ್ಲ, ತುಸು ಉದ್ದವಾದರೆ ಕಾಗದಕ್ಕೆ ನಾಟುತ್ತದೆ. ಒಡಲಿನ ಅಳತೆ ಪಾಯಿಂಟ್ ಲೆಕ್ಕದಲ್ಲಿ ನಿಗದಿ: 72 ಪಾಯಿಂಟ್ ಎಂದರೆ ಸುಮಾರು ಒಂದು ಅಂಗುಲ, 12 ಪಾಯಿಂಟ್ ಎಂದರೆ ಒಂದು ಪೈಕಾ. ಅಗಲ ಮಾತ್ರ ಅಕ್ಷರಕ್ಕೆ ತಕ್ಕ ಹಾಗೆ. ಇನ್ನು ಮೊಳೆ ಹುಟ್ಟುವ ಬಗೆ. ಕೊರೆಯುವವನು ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಅರದಿಂದ, ಉಳಿಯಿಂದ ಬಿಡಿಸುತ್ತಾನೆ; ಇದು ಪಂಚು. ಪಂಚನ್ನು ಕಾಯಿಸಿ ಗಡಸು ಮಾಡಿ ತಾಮ್ರದ ತುಂಡಿನ ಮೇಲಿಟ್ಟು ಬಡಿದರೆ ಅಲ್ಲಿ ಅಕ್ಷರದ ಗುಳಿ ಬೀಳುತ್ತದೆ. ಆ ತಾಮ್ರವನ್ನು ಎರಕದ ಅಚ್ಚಿನ ತಳಕ್ಕೆ ಕೂರಿಸಿ ಕರಗಿದ ಲೋಹ ಹೊಯ್ದರೆ ಮೊಳೆ. ಒಂದು ಗುಳಿಯಿಂದ ಎಷ್ಟು ಸಾವಿರ ಮೊಳೆಯನ್ನಾದರೂ ಎರೆಯಬಹುದು, ಆದರೆ ಹೊಸ ಆಕಾರವೊಂದಕ್ಕೆ ಹೊಸ ಪಂಚೇ ಬೇಕು. ಹೀಗಾಗಿ ಅಚ್ಚಿನ ಖರ್ಚು ಕೂಡುವುದು ಆಕಾರಗಳ ಎಣಿಕೆಯಲ್ಲಿ. ಇನ್ನೊಂದು ಕಟ್ಟುಪಾಡೂ ಇದೆ: ಮೊಳೆಗಳು ಸಾಲಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಲ್ಲಬೇಕಾದ್ದರಿಂದ ಪ್ರತಿ ಅಕ್ಷರವೂ ತನ್ನ ಚೌಕದೊಳಗೇ ಮುಗಿಯಬೇಕು. ಚೌಕದ ಆಚೆಗೆ ಚಾಚಿದ ಎಳೆ ಪಕ್ಕದ ಮೊಳೆಯ ಹೆಗಲ ಮೇಲೆ ತೂಗುತ್ತದೆ, ರೋಲರಿನ ಹೊಡೆತಕ್ಕೆ ಎಂದೋ ಒಂದು ದಿನ ಮುರಿಯುತ್ತದೆ.

ಈ ಕಟ್ಟುಪಾಡು ರೋಮನ್ ಲಿಪಿಗೆ ಹೇಳಿ ಮಾಡಿಸಿದಂತಿದೆ, ನಮ್ಮದಕ್ಕೆ ಹೊಂದುವುದಿಲ್ಲ ಎಂಬುದು ದೂರಿನ ಮೊದಲ ಸಾಕ್ಷ್ಯ. ಅಲ್ಲಿ 26 ಅಕ್ಷರ, ಪಕ್ಕಪಕ್ಕಕ್ಕೆ ನಿಂತರೆ ಪದ. ಇಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಬಲಕ್ಕೆ ಕೊಂಬು. ಆದರೆ 1450ರ ದಶಕದಲ್ಲಿ ಗುಟೆನ್‌ಬರ್ಗ್ 42 ಸಾಲಿನ ಬೈಬಲ್ ಅಚ್ಚು ಹಾಕಿದಾಗ ಅವನಿಗೆ ಬೇಕಾದದ್ದು 26 ಬಗೆಯ ಮೊಳೆಗಳಲ್ಲ, ಸುಮಾರು 290. ದೊಡ್ಡಕ್ಷರ, ಸಣ್ಣಕ್ಷರ, ಒಂದರೊಳಗೊಂದು ಬೆಸೆದ ಜೋಡಿಗಳು, ತಲೆಯ ಮೇಲೆ ಗೆರೆ ಎಳೆದು ಪದವನ್ನು ಮೊಟಕು ಮಾಡುವ ಸಂಕೇತಗಳು, ಒಂದೇ ಅಕ್ಷರದ ಅಗಲ ಕಿರಿದು ರೂಪಗಳು ಎಲ್ಲವೂ ಅದರಲ್ಲಿದ್ದವು. ಪ್ರತಿ ತಯಾರಿಸುವ ಲಿಪಿಕಾರನ ಕೈಬರಹ ಹೇಗಿತ್ತೋ ಹಾಗೆಯೇ ಅಚ್ಚಿನಲ್ಲೂ ಕಾಣಬೇಕು ಎಂಬುದು ಅವನ ಹಟ. ಆ ಜೋಡಿಗಳೂ ಸಂಕೇತಗಳೂ ಕ್ರಮೇಣ ಉದುರಿದವು. ನಾವು ಇಂದು ನೋಡುವ ಸರಳ ರೋಮನ್ ಅಚ್ಚು ತಲೆಮಾರುಗಳ ಹೊಂದಾಣಿಕೆಯ ಫಲ; ಮೊಳೆಯೂ ಆ ಲಿಪಿಯೂ ಹುಟ್ಟಿದಂದಿನಿಂದ ಜೊತೆಯಾದವಲ್ಲ. ಹಾಗಿದ್ದರೆ ಕನ್ನಡವೂ ಕೆಲವು ರೂಪಗಳನ್ನು ಉದುರಿಸಿಕೊಂಡು ಹಗುರವಾಗಬಹುದಿತ್ತಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ರೋಮನ್ ಬಿಟ್ಟುಕೊಟ್ಟದ್ದು ಬರವಣಿಗೆಯ ಅಡ್ಡದಾರಿಗಳನ್ನು. ಅವು ಹೋದರೂ ಓದುಗನಿಗೆ ಪದ ಇಡಿಯಾಗಿಯೇ ಉಳಿಯಿತು. ಕನ್ನಡ ಬಿಟ್ಟುಕೊಡಬೇಕೆಂದು ಕೇಳಿದ್ದು ಓದುಗನ ಕಣ್ಣಿಗೆ ಬೀಳುವ ಅಕ್ಷರದ ಮೈಕಟ್ಟನ್ನು. ಅದನ್ನು ಮುಟ್ಟದೆ ಮೊಳೆಯ ಎಣಿಕೆ ಇಳಿಸಲು ಸಾಧ್ಯವಿತ್ತೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಲೆಕ್ಕ ಹಾಕಿ ನೋಡೋಣ. ವರ್ಗೀಯ 25, ಅವರ್ಗೀಯ 9, ಒಟ್ಟು 34 ವ್ಯಂಜನ. ಅನುಸ್ವಾರ ವಿಸರ್ಗಗಳನ್ನು ಬಿಡಿಯಾಗಿ ಇಟ್ಟುಕೊಂಡರೂ ಒಂದೊಂದು ವ್ಯಂಜನಕ್ಕೆ ಕ ಇಂದ ಕೌ ವರೆಗೆ 13 ರೂಪ, ಅಲ್ಲಿಗೆ 442. ಒಂದು ವ್ಯಂಜನಕ್ಕೆ ಇನ್ನೊಂದು ಒತ್ತಾಗಿ ಕೂಡಿದರೆ 34ನ್ನು 34ರಿಂದ ಗುಣಿಸಿ 1,156 ಜೋಡಿ. ಅವಕ್ಕೂ ಸ್ವರ ಸೇರಿಸಿದರೆ 15,000 ದಾಟುತ್ತದೆ. ಇವುಗಳಲ್ಲಿ ಭಾಷೆಯಲ್ಲಿ ನಿಜಕ್ಕೂ ಬಳಕೆಯಾಗುವುದು ಸಣ್ಣ ಪಾಲು, ಆದರೂ ಒಂದೊಂದಕ್ಕೂ ಪಂಚು ಕೊರೆಯುತ್ತ ಕೂತರೆ ಯಾವ ಎರಕಶಾಲೆಯೂ ಉಳಿಯದು. ಲಿಪಿಯ ಮೇಲಿನ ದೂರಿಗೆ ಬಲ ಬಂದದ್ದು ಈ ಅಂಕಿಗಳಿಂದ. ಆದರೆ ಈ ಲೆಕ್ಕ ಮಾಡಿದವರು ಅಕ್ಷರವನ್ನು ಒಡೆಯಲಾಗದ ಗಟ್ಟಿ ಎಂದು ಭಾವಿಸಿದ್ದರು. ಹಳೆಯ ಕೂಲಿಮಠದ ಹುಡುಗ ಹಾಗೆ ಕಲಿತವನಲ್ಲ. ಅವನ ಬಾಯಲ್ಲಿ ಕಾಗುಣಿತ ಬಿಡಿ ತುಂಡುಗಳ ಜೋಡಣೆಯಾಗಿಯೇ ಓಡುತ್ತಿತ್ತು: ತಲೆಕಟ್ಟು ಕ, ಇಳಿ ಕಾ, ಗುಡಿಸು ಕಿ, ಗುಡಿಸಿನ ದೀರ್ಘ ಕೀ, ಕೊಂಬು ಕು, ಕೊಂಬಿನ ಇಳಿ ಕೂ, ವಟ್ರಸುಳಿ ಕೃ, ಏತ್ವ ಕೆ. ತಲೆಕಟ್ಟು, ಇಳಿ, ಗುಡಿಸು, ಕೊಂಬು, ಸುಳಿ, ಒತ್ತು, ಅರ್ಕಾವೊತ್ತು ಎಲ್ಲವೂ ಅಕ್ಷರದ ಅಂಗಗಳ ಹೆಸರು. ಅಂಗಾಂಗಕ್ಕೆ ಹೆಸರಿಟ್ಟು ಕಲಿಸುತ್ತಿದ್ದ ಲಿಪಿಯನ್ನು ಅಂಗಾಂಗವಾಗಿ ಎರಕ ಹೊಯ್ಯಬಹುದು ಎಂದು ಹೊಳೆಯಲು ಹೊರಗಿನ ಶಾಸ್ತ್ರ ಬೇಕಿರಲಿಲ್ಲ.

ಅಚ್ಚಿನವರು ಮಾಡಿದ್ದೂ ಅದನ್ನೇ. ಗುಡಿಸು ಬಂದಾಗ ತಲೆಕಟ್ಟೇ ಮಾಯವಾಗಿ ಅಕ್ಷರದ ತಲೆ ಬೇರೆ ಆಕಾರ ತಾಳುತ್ತದೆ. ಆದ್ದರಿಂದ ಕಿ, ಗಿ, ತಿ ಮುಂತಾದವನ್ನು ಇಡಿಯಾಗಿ ಎರೆದರು. ಕೊಂಬು, ದೀರ್ಘ, ವಟ್ರಸುಳಿಗಳು ಬಲಕ್ಕೆ ಬರುವುದರಿಂದ ಅವು ಬಿಡಿ ಮೊಳೆಗಳಾದವು. ಒತ್ತುಗಳೂ ಬಿಡಿಯೇ. ಇಲ್ಲಿ ಕನ್ನಡಕ್ಕೆ ದಕ್ಕಿದ ಅನುಕೂಲವನ್ನು ನಾವು ಬಹಳ ಸಲ ಮರೆಯುತ್ತೇವೆ. ನಾಗರಿಯಲ್ಲಿ ಮಾತ್ರೆಗಳು ಅಕ್ಷರದ ನೆತ್ತಿಯ ಮೇಲೂ ಪಾದದ ಕೆಳಗೂ ಬರುತ್ತವೆ, ಇಕಾರ ಅಕ್ಷರದ ಎಡಕ್ಕೆ ಬರುತ್ತದೆ, ಶಿರೋರೇಖೆ ಕಡಿಯದೆ ಹರಿಯಬೇಕು. ಕನ್ನಡದ ಒತ್ತು ಅಕ್ಷರದ ಅಡಿಗಿಂತ ಬಲ ಮಗ್ಗುಲಿಗೆ ವಾಲಿ ಕೂರುತ್ತದೆ. ಆದ್ದರಿಂದ ಅದನ್ನು ಮುಖ್ಯ ಅಕ್ಷರದ ನಂತರದ ಮೊಳೆಯಾಗಿ, ಮುಖವನ್ನು ಒಡಲಿನ ತಳಕ್ಕೆ ಇಳಿಸಿ ಎರೆದರೆ ಸಾಕು. ಸ್ತ್ರೀ ಎಂಬುದನ್ನು ತೆಗೆದುಕೊಳ್ಳಿ. ನಾಲಿಗೆಗೆ ಅದು ಸಕಾರ, ತಕಾರ, ರಕಾರ, ಈಕಾರ. ಮೊಳೆ ಜೋಡಿಸುವ ಕಂಪೋಸಿಟರ್ ಕೈಗೆ ಅದು ಸಿ ಎಂಬ ಇಡೀ ಮೊಳೆ, ತಕಾರದ ಒತ್ತು, ರಕಾರದ ಒತ್ತು, ಕೊನೆಗೆ ದೀರ್ಘ. ನಾಲ್ಕು ತುಂಡು, ನಾಲ್ಕೂ ಎಡದಿಂದ ಬಲಕ್ಕೆ. ಧರ್ಮ ಎಂಬಲ್ಲಿ ನಾಲಿಗೆ ಮೊದಲು ಹೇಳುವ ರಕಾರವನ್ನು ಕೈ ಮಕಾರದ ಆಮೇಲೆ ಅರ್ಕಾವೊತ್ತಾಗಿ ಇಡುತ್ತದೆ. ಹೀಗೆ 15,000ದ ಬೆದರಿಕೆ ಕೆಲವು ನೂರು ಮೊಳೆಗಳಿಗೆ ಇಳಿಯಿತು, ಗುಟೆನ್‌ಬರ್ಗನ ಪೆಟ್ಟಿಗೆಗೆ ಹೋಲಿಸಬಹುದಾದ ಗಾತ್ರಕ್ಕೆ. ಒಡೆದದ್ದು ಪೆಟ್ಟಿಗೆಯಲ್ಲಿ, ಕೂಡಿದ್ದು ಪುಟದಲ್ಲಿ. ನಡುವೆ ನಡೆದದ್ದು ಓದುಗನಿಗೆ ತಿಳಿಯಲಿಲ್ಲ.

ತಿಳಿಯದೆ ಹೋದದ್ದಕ್ಕೆ ಕಾರಣ ಕೈಯ ಪಳಗು. ಅಚ್ಚುಕೂಟದ, ಉತ್ತರದ ಕಡೆ ಛಾಪಖಾನೆಯ, ಸಲಕರಣೆಗಳು ಹೊರಗಿನಿಂದ ಬಂದವು, ಹೆಸರುಗಳನ್ನೂ ಹೊತ್ತೇ ಬಂದವು. ಮೊಳೆಗಳನ್ನು ಗೂಡುಗೂಡಾಗಿ ತುಂಬಿದ ಮರದ ತಟ್ಟೆ ಕೇಸು. ಇಂಗ್ಲಿಷಿಗೆ ಮೇಲೊಂದು ಕೆಳಗೊಂದು ಕೇಸು ಸಾಕಾದರೆ ಕನ್ನಡಕ್ಕೆ ಅಷ್ಟರಲ್ಲಿ ಮುಗಿಯುವುದಿಲ್ಲ. ಎಡಗೈಯಲ್ಲಿ ಹಿಡಿದು ಸಾಲು ಜೋಡಿಸುವ ಲೋಹದ ಪಟ್ಟಿ ಸ್ಟಿಕ್ಕು. ಅದರಲ್ಲಿ ಸಾಲನ್ನು ತಲೆಕೆಳಗಾಗಿ, ಆದರೆ ಎಡದಿಂದ ಬಲಕ್ಕೇ ಓದಬೇಕು. ಮೊಳೆಯ ಮೈಮೇಲಿನ ಗೀರು ಹೆಬ್ಬೆರಳಿಗೆ ತಾಗಿದರೆ ಅದು ಸರಿಯಾಗಿ ನಿಂತಿದೆ ಎಂದು ನೋಡದೆಯೇ ಗೊತ್ತಾಗುತ್ತದೆ. ಪದಗಳ ನಡುವೆ ಸ್ಪೇಸು, ಸಾಲಿನ ಕೊನೆಗೆ ಕ್ವಾಡು, ಸಾಲುಗಳ ನಡುವೆ ಲೆಡ್ಡು. ತುಂಬಿದ ಸಾಲುಗಳು ಗ್ಯಾಲಿಗೆ ಹೋಗುತ್ತವೆ, ಅಲ್ಲಿ ಕರಡಚ್ಚು ತೆಗೆದು ತಿದ್ದುತ್ತಾರೆ. ಆಮೇಲೆ ಪುಟ ಕಟ್ಟಿ, ಚೇಸಿನೊಳಗೆ ಬಿಗಿದರೆ ಫಾರಂ. ಕನ್ನಡದ ಲೇಖಕರು ತಮ್ಮ ಪುಸ್ತಕದ ಗಾತ್ರವನ್ನು ಇಷ್ಟು ಫಾರಂ ಎಂದೇ ಲೆಕ್ಕ ಹೇಳುತ್ತಿದ್ದರು. ಸಣ್ಣ ಕೆಲಸಕ್ಕೆ ಕಾಲಲ್ಲಿ ತುಳಿಯುವ ಟ್ರೆಡಲ್, ದೊಡ್ಡದಕ್ಕೆ ಸಿಲಿಂಡರ್. ಅಚ್ಚಾದ ಮೇಲೆ ಒಂದೊಂದು ಮೊಳೆಯನ್ನೂ ಅದರದರ ಗೂಡಿಗೆ ಮರಳಿ ಹಾಕಬೇಕು. ಕಟ್ಟಿದ ಪುಟ ಚೆಲ್ಲಿ ಕಲಸಿಹೋದರೆ ಪೈ ಆಯಿತೆಂದು ತಲೆಯ ಮೇಲೆ ಕೈ. ಸಾಮಾನಿನ ಹೆಸರೆಲ್ಲ ಇಂಗ್ಲಿಷಿನದಾದರೂ ಕೇಸಿನ ಗೂಡುಗಳಲ್ಲಿ ತುಂಬಿದ್ದಕ್ಕೆ ಮಾತ್ರ ಒತ್ತು, ಕೊಂಬು, ದೀರ್ಘ, ಸೊನ್ನೆ ಎಂಬ ಶಾಲೆಯ ಹೆಸರುಗಳೇ. ಯಂತ್ರ ಎಲ್ಲಿಂದಲೋ ಬಂತು, ಅಕ್ಷರ ಒಡೆಯುವ ತಿಳಿವಳಿಕೆ ಇಲ್ಲಿಯದೇ ಎಂಬುದಕ್ಕೆ ಈ ಬೆರಕೆ ನುಡಿಗಟ್ಟು ನನಗೆ ಒಳ್ಳೆಯ ಸಾಕ್ಷಿಯಾಗಿ ಕಾಣುತ್ತದೆ.

ಮೊಳೆ ಬೇಡವೆಂದರೆ ಇನ್ನೊಂದು ದಾರಿಯೂ ಇತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1840ರ ದಶಕದ ಆರಂಭದಲ್ಲಿ ಅಲ್ಲಿ ಮೊದಲು ಹೂಡಿದ್ದು ಕಲ್ಲಚ್ಚನ್ನು. ನುಣುಪು ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದದ್ದು ಹಾಗೆಯೇ ಕಾಗದಕ್ಕೆ ಇಳಿಯುತ್ತದೆ. ಅಲ್ಲಿ ಪಂಚಿಲ್ಲ, ಮೊಳೆಯಿಲ್ಲ, ಚೌಕವಿಲ್ಲ. ಬರೆಯುವ ಕೈ ಹೋದಲ್ಲಿ ಒತ್ತು, ಬಳುಕಿದಲ್ಲಿ ಕೊಂಬು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದ ಮಂಗಳೂರ ಸಮಾಚಾರ, ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲೇ ಬಂತು. ಜೈಮಿನಿ ಭಾರತದಂಥ ಕಾವ್ಯಗಳನ್ನು ಅವನು ಹೊರತಂದ ಬಿಬ್ಲಿಯೋತೆಕಾ ಕರ್ನಾಟಿಕಾ ಮಾಲೆಯೂ ಕಲ್ಲಚ್ಚಿನದೇ. ಲಿಪಿಯೇ ಮೊಳೆಗೆ ಒಗ್ಗದ್ದಾಗಿದ್ದರೆ ಕನ್ನಡ ಅಲ್ಲಿಯೇ ನಿಂತುಬಿಡಬೇಕಿತ್ತು. ಉರ್ದುವಿನಲ್ಲಿ ಹಾಗೇ ಆಯಿತು. ಓರೆಯಾಗಿ ಮೇಲಿನಿಂದ ಕೆಳಕ್ಕೆ ಇಳಿಯುವ ನಸ್ತಾಲೀಕ್ ಬರಹ ಚೌಕದೊಳಗೆ ಕೂರಲೇ ಇಲ್ಲ. 1981ರಲ್ಲಿ ಗಣಕದ ನೂರಿ ನಸ್ತಾಲೀಕ್ ಬಂದು ಜಂಗ್ ಪತ್ರಿಕೆ ಅದನ್ನು ಬಳಸುವವರೆಗೆ ಉರ್ದು ದಿನಪತ್ರಿಕೆಗಳನ್ನು ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು. ಕನ್ನಡದ ನಡೆ ಬೇರೆ. ಮಂಗಳೂರ ಸಮಾಚಾರ ಮರುವರ್ಷವೇ ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವಾಯಿತು. 1850ರ ದಶಕದ ಆರಂಭದಲ್ಲಿ ಮಂಗಳೂರಿಗೂ ಮೊಳೆ ಬಂತು. ಆಗ ಅಚ್ಚಿನ ಕೆಲಸ ನೋಡಿಕೊಂಡ ಗೇಯೋರ್ಗ್ ಪ್ಲೆಬ್‌ಸ್ಟ್ ಮುಂದೆ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ಕಟ್ಟಿದ. ಎರಕದ ಸೀಸವಾದರೇನು, ಜೇಡಿಮಣ್ಣಾದರೇನು, ಅಚ್ಚೊತ್ತುವುದು ಅವನ ಕಸುಬು. ಎರಡೂ ದಾರಿ ಕಣ್ಣೆದುರಿಗಿದ್ದಾಗ ಕನ್ನಡದ ಅಚ್ಚುಕೂಟಗಳು ಮೊಳೆಯನ್ನು ಆರಿಸಿಕೊಂಡವು ಎಂಬುದು ಗಮನಿಸಬೇಕಾದ ಸಂಗತಿ.

ಈ ಆಯ್ಕೆಗೆ ಆಗಲೇ ಹಿನ್ನೆಲೆ ಸಿದ್ಧವಾಗಿತ್ತು. 1778ರಲ್ಲಿ ಹೂಗ್ಲಿಯಲ್ಲಿ ಹಾಲ್‌ಹೆಡ್‌ನ ಬಂಗಾಳಿ ವ್ಯಾಕರಣಕ್ಕಾಗಿ ಚಾರ್ಲ್ಸ್ ವಿಲ್ಕಿನ್ಸ್ ಮೊಳೆ ಮಾಡಿಸಿದಾಗ ಅವನ ಜೊತೆ ಕೆಲಸ ಕಲಿತವನು ಕಮ್ಮಾರ ಮನೆತನದ ಪಂಚಾನನ ಕರ್ಮಕಾರ. ಅವನೇ ಮುಂದೆ ಶ್ರೀರಾಮಪುರದ ಮಿಶನ್ನಿಗೆ ಎರಕಶಾಲೆ ಕಟ್ಟಿಕೊಟ್ಟ, ಅಳಿಯ ಮನೋಹರ ಅದನ್ನು ಬೆಳೆಸಿದ. 1812ರ ಮಾರ್ಚಿನಲ್ಲಿ ಆ ಮುದ್ರಣಾಲಯ ಸುಟ್ಟುಹೋದಾಗ ಮೊಳೆಗಳು ಕರಗಿ ಗಟ್ಟಿಯಾದರೂ ಪಂಚುಗಳು ಉಳಿದಿದ್ದವು. ಅದೇ ಲೋಹವನ್ನು ಮತ್ತೆ ಎರೆದು ಕೆಲಸ ಮುಂದುವರಿಸಿದರು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಲ್ಲಿಂದಲೇ ಹೊರಬಿತ್ತು. ಬಳಿಕ ಮದರಾಸಿನಲ್ಲಿ 1820ರಲ್ಲಿ ಮೆಕೆರೆಲ್ಲನ ವ್ಯಾಕರಣ, 1824 ಮತ್ತು 1832ರಲ್ಲಿ ರೀವ್‌ನ ನಿಘಂಟುಗಳು; ಬೆಂಗಳೂರಿನ ವೆಸ್ಲಿಯನ್ ಮಿಶನ್ ಪ್ರೆಸ್ಸಿನಿಂದ 1858ರಲ್ಲಿ ಸ್ಯಾಂಡರ್ಸನ್ ಪರಿಷ್ಕರಿಸಿದ ರೀವ್ ನಿಘಂಟು; ಮಂಗಳೂರಿನಿಂದ 1872ರಲ್ಲಿ ಕಿಟೆಲ್ ಸಂಪಾದಿಸಿದ ಶಬ್ದಮಣಿದರ್ಪಣ. ಕೊನೆಗೆ 1894ರಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟೆಲ್ ನಿಘಂಟು, 1752 ಪುಟ. ಅದರ ಯಾವ ಪುಟ ತೆರೆದರೂ ಸಣ್ಣ ಅಚ್ಚಿನಲ್ಲಿ ಕನ್ನಡವೂ ರೋಮನ್ನೂ ಒಂದೇ ಸಾಲಿನಲ್ಲಿ ಹೆಗಲು ತಾಗಿಸಿ ನಿಂತಿವೆ. ಹಳಗನ್ನಡದ ೞ, ಱಗಳಿಗೂ ಅಲ್ಲಿ ಮೊಳೆ ಇದೆ. ಸಂಯುಕ್ತಾಕ್ಷರಗಳಿಂದ ಕಿಕ್ಕಿರಿದ ಸಂಸ್ಕೃತ ಪದಗಳಿಗೂ ಜಾಗವಿದೆ. ಇದಕ್ಕಿಂತ ಕಠಿಣವಾದ ಜೋಡಣೆಯ ಕೆಲಸ ಕನ್ನಡದಲ್ಲಿ ಊಹಿಸುವುದು ಕಷ್ಟ. 1894ರಲ್ಲೇ ಅದನ್ನು ದಾಟಿದ ಅಚ್ಚಿಗೆ ಶಾಲಾಪಠ್ಯ, ಕಾದಂಬರಿಗಳು ಅಸಾಧ್ಯವೆಂದು ಆಮೇಲೆ ದೂರುವುದು ವಿಚಿತ್ರ.

ಅಸಾಧ್ಯವೆಂದು ಯಾರೂ ಹೇಳಲಿಲ್ಲ, ನಿಧಾನ, ದುಬಾರಿ ಎಂದರು ಅಷ್ಟೆ ಎಂಬ ಆಕ್ಷೇಪ ಬರುತ್ತದೆ. ಇದನ್ನು ತಳ್ಳಿಹಾಕಲಾಗದು. ಸ್ತ್ರೀ ಎಂಬ ಒಂದು ಅಕ್ಷರಕ್ಕೆ ಕೈ ನಾಲ್ಕು ಗೂಡಿಗೆ ಹೋಗಬೇಕು, ಅಚ್ಚಾದ ಮೇಲೆ ನಾಲ್ಕನ್ನೂ ನಾಲ್ಕು ಗೂಡಿಗೆ ಮರಳಿಸಬೇಕು. ಒತ್ತುಗಳೂ ದೀರ್ಘಗಳೂ ಎಲ್ಲ ಪದಗಳಿಗೂ ಬೇಕಾದ ಸಾಮಾನ್ಯ ತುಂಡುಗಳಾದ್ದರಿಂದ ಅವು ಬೇಗ ಖಾಲಿಯಾಗುತ್ತವೆ, ಬೇಗ ಸವೆಯುತ್ತವೆ. ಸಣ್ಣ ಮುದ್ರಣಾಲಯ ಕೆಲವೇ ಫಾರಂ ಜೋಡಿಸುವಷ್ಟರಲ್ಲಿ ಮೊಳೆ ತೀರುತ್ತದೆ. ಅಚ್ಚು ಮಾಡಿ, ಬಿಚ್ಚಿ, ಮುಂದಿನದಕ್ಕೆ ಹೋಗಬೇಕು. ಕರಡು ತಿದ್ದಿ ಬೇಗ ಕಳಿಸಿ ಎಂದು ಲೇಖಕರ ಬೆನ್ನು ಹತ್ತುತ್ತಿದ್ದುದು ಇದಕ್ಕೇ. ಆದರೆ ಈ ನಿಧಾನದ ಬೆಲೆಯನ್ನು ತೆತ್ತವರು ಯಾರು ಎಂದು ಕೇಳಿದರೆ ವಾದದ ಇನ್ನೊಂದು ಮಗ್ಗುಲು ಕಾಣುತ್ತದೆ. ಓದುಗನ ಅಕ್ಷರವನ್ನು ಇಡಿಯಾಗಿ ಉಳಿಸಿದ್ದು ದಿನಗೂಲಿಗೆ ಸೀಸದ ಧೂಳಿನಲ್ಲಿ ನಿಂತು ದುಡಿದ ಕಂಪೋಸಿಟರನ ಬೆರಳು. ಕೂಲಿ ಅಗ್ಗವಾಗಿದ್ದಷ್ಟು ದಿನ ಈ ಪರಿಹಾರ ನಡೆಯಿತು. ಅದನ್ನು ಲಿಪಿಯ ಗೆಲುವೆಂದು ಬರೀ ಹಾಡಿ ಹೊಗಳಿದರೆ ಆ ಲೆಕ್ಕ ಮುಚ್ಚಿಹೋಗುತ್ತದೆ. ನನ್ನ ಮಾತು ಇಷ್ಟೇ: ದುಬಾರಿಯಾದದ್ದು ಕೈಗೂ ಲೋಹಕ್ಕೂ ನಡುವಿನ ವ್ಯವಹಾರ, ಅದನ್ನು ಅಕ್ಷರದ ದೋಷವೆಂದು ಕರೆದದ್ದರಿಂದ ಕೆಲಸಗಾರನಿಗೂ ಏನೂ ದಕ್ಕಲಿಲ್ಲ.

ಇನ್ನೊಂದು ಆಕ್ಷೇಪ ಪುಟದ ರೂಪಕ್ಕೆ ಸೇರಿದ್ದು. ಮೊಳೆ ಲಿಪಿಯನ್ನು ಮುಟ್ಟಲೇ ಇಲ್ಲ ಎನ್ನುವುದು ಹೇಗೆ? ಹಳೆಯ ಶಾಸನಗಳಲ್ಲಿ ಒತ್ತು ಅಕ್ಷರದ ನೇರ ಅಡಿಗೆ ಇಳಿದು ಕೂತದ್ದನ್ನು ಕಾಣುತ್ತೇವೆ. ಅಚ್ಚಿನಲ್ಲಿ ಅದು ಎಷ್ಟು ಕೆಳಗೆ ಇಳಿಯಬಹುದೆಂಬುದನ್ನು ಒಡಲಿನ ಅಂಚು ತೀರ್ಮಾನಿಸಿತು. ಒತ್ತಿಗಾಗಿ ತಳದಲ್ಲಿ ಜಾಗ ಬಿಡಬೇಕಾದ್ದರಿಂದ ಅಕ್ಷರದ ಮುಖ ಚಿಕ್ಕದಾಯಿತು. 12 ಪಾಯಿಂಟಿನ ಕನ್ನಡ ಅದೇ ಅಳತೆಯ ಇಂಗ್ಲಿಷಿನ ಪಕ್ಕದಲ್ಲಿ ಬಡವಾಗಿ ಕಾಣುವುದು ಇದರಿಂದಲೇ. ತುಂಡುಗಳ ನಡುವೆ ಕೂದಲೆಳೆಯ ಸಂದು ಬಿಟ್ಟು ಕೊಂಬು ಅಕ್ಷರದಿಂದ ಬೇರೆಯಾಗಿ ನಿಂತದ್ದೂ ಉಂಟು. ಇವೆಲ್ಲ ನಿಜ, ಆದರೆ ಓದನ್ನು ತಡೆಯುವಷ್ಟು ದೊಡ್ಡವಲ್ಲ. ತಪ್ಪುಗಳ ವಿಷಯ ಹೆಚ್ಚು ಗಂಭೀರ. ದ, ಧಗಳ ನಡುವಿನ ಅಂತರ ಒಂದು ಸೀಳು. ರ, ಠಗಳ ನಡುವೆ ಒಂದು ಚುಕ್ಕಿ. ಸವೆದ ಮೊಳೆಯಲ್ಲಿ ಸೀಳು ಶಾಯಿಯಿಂದ ತುಂಬಿಕೊಂಡರೆ ಧನ ದನವಾಗುತ್ತದೆ. ವಿಶಾಖದತ್ತನ ನಾಟಕದ ಹೆಸರನ್ನು ಅಚ್ಚಿನ ತಪ್ಪುಗಳಿಗೆ ಅಂಟಿಸಿ ಮುದ್ರಾರಾಕ್ಷಸನ ಹಾವಳಿ ಎಂದು ನಕ್ಕವರು ನಮ್ಮ ಹಿರಿಯರು. ಪುಸ್ತಕದ ಕೊನೆಯ ತಪ್ಪು ಒಪ್ಪುಗಳ ಪಟ್ಟಿ ಅವನಿಗೆ ಸಲ್ಲಿಸಿದ ಕಪ್ಪ. ಆದರೆ ಸವೆದ ಮೊಳೆಯನ್ನು ಕರಗಿಸಿ ಹೊಸದು ಎರೆದರೆ ಈ ರಾಕ್ಷಸ ಅರ್ಧ ಸಾಯುತ್ತಾನೆ, ಕರಡನ್ನು ಎರಡನೆಯ ಸಲ ಓದಿದರೆ ಉಳಿದರ್ಧ. ಹಾವಳಿಯ ಬೇರು ಹೊಸ ಮೊಳೆಗೆ ಕಾಸಿಲ್ಲದ ಮುದ್ರಣಾಲಯದಲ್ಲಿತ್ತು. ಕನ್ನಡಕ್ಕಿಂತ ಸರಳವೆನ್ನುವ ಇಂಗ್ಲಿಷಿನಲ್ಲೂ ಬಡ ಮುದ್ರಣಾಲಯದ ಪುಟ ತಪ್ಪಿನಿಂದ ತುಂಬಿರುತ್ತದೆ.

ನೆರೆಯವರ ಉದಾಹರಣೆಯೇ ಗಟ್ಟಿಯಾದ ಆಕ್ಷೇಪ. ತಮಿಳು 1978ರಲ್ಲಿ ಕೆಲವು ಅಕ್ಷರಗಳ ರೂಪ ಬದಲಿಸಿತು. ಅದು ಸಣ್ಣ ತಿದ್ದುಪಡಿ. ಮಲಯಾಳ 1971ರಲ್ಲಿ ಮಾಡಿದ್ದು ದೊಡ್ಡದು: ಉಕಾರ, ಊಕಾರಗಳನ್ನು ವ್ಯಂಜನದಿಂದ ಬಿಡಿಸಿ ಪಕ್ಕಕ್ಕಿಟ್ಟಿತು, ಹಲವು ಕೂಡಕ್ಷರಗಳನ್ನು ಒಡೆದು ಸಾಲಿನಲ್ಲಿ ನಿಲ್ಲಿಸಿತು. ಅಗತ್ಯವಿಲ್ಲದಿದ್ದರೆ ಅವರೇಕೆ ಮಾಡಿದರು? ಮಲಯಾಳದ ಹಳೆಯ ಲಿಪಿಯಲ್ಲಿ ಉಕಾರ ಒಂದೊಂದು ವ್ಯಂಜನಕ್ಕೆ ಒಂದೊಂದು ಬಗೆಯಲ್ಲಿ ಬೆಸೆದುಕೊಳ್ಳುತ್ತಿತ್ತು, ಕೂಡಕ್ಷರಗಳು ಹೊಸ ಆಕಾರವನ್ನೇ ತಾಳುತ್ತಿದ್ದವು. ಕನ್ನಡದ ಕೊಂಬು ಮೊದಲಿನಿಂದಲೂ ಬಿಡಿ, ಒತ್ತು ಬಹುಮಟ್ಟಿಗೆ ಮೂಲಾಕ್ಷರದ್ದೇ ಚಿಕ್ಕ ರೂಪ. ಅಂದರೆ ಮಲಯಾಳ ಸರ್ಕಾರಿ ಆಜ್ಞೆಯಿಂದ ಪಡೆದ ಸಡಿಲವನ್ನು ಕನ್ನಡ ಹುಟ್ಟಿನಿಂದಲೇ ಪಡೆದಿತ್ತು. ಅಲ್ಲದೆ ಆ ಸುಧಾರಣೆಯ ಹಿಂದೆ ಇದ್ದ ಒತ್ತಡ ಮೊಳೆಗಿಂತ ಟೈಪ್‌ರೈಟರಿನದು. ಅದರ ಕೀಲಿಗಳಿಗೆ ತೊಂಬತ್ತರ ಆಸುಪಾಸಿನ ಗುರುತುಗಳಷ್ಟೇ ಹಿಡಿಸುತ್ತವೆ. ಸಾಲನ್ನೇ ಎರೆಯುವ ಲೈನೋಟೈಪಿಗೂ 90 ಕೀಲಿ. ಮೋನೋಟೈಪಿನ ಗುಳಿಗಳ ಚೌಕಟ್ಟು ಮೊದಲಿಗೆ 15 ಸಾಲು, 15 ಕಂಬ, ಒಟ್ಟು 225. ಸುಧಾರಕರು ಲಿಪಿ ತೊಡಕು ಎಂದಾಗ ಅವರ ಕಣ್ಣೆದುರು ಇದ್ದದ್ದು ಬೇರೆ ಲಿಪಿಗಾಗಿ ಅಳೆದು ಮಾಡಿದ ಈ ಗೂಡುಗಳು. ಆ ಗೂಡಿಗೂ ಕನ್ನಡವನ್ನು ಇಳಿಸಿದರು. ಕೆ. ಅನಂತ ಸುಬ್ಬರಾಯರು ರೂಪಿಸಿದ ಕೀಲಿಮಣೆಯ ಟೈಪ್‌ರೈಟರ್ ಸರ್ಕಾರಿ ಕಚೇರಿಗಳಲ್ಲಿ ಕಡತ ಬರೆಯಿತು. ಅದರ ಪುಟ ಒರಟು, ಒತ್ತುಗಳು ಅಲ್ಲಲ್ಲಿ ಎಡವಿದವು, ಆದರೂ ಒಂದು ಅಕ್ಷರವನ್ನೂ ವರ್ಣಮಾಲೆಯಿಂದ ಹೊರಹಾಕದೆ ಕೆಲಸ ನಡೆಯಿತು. ಕೇರಳದಲ್ಲಿ 1999ರಲ್ಲಿ ರಚನ ಎಂಬ ಗುಂಪು ಹಳೆಯ ಲಿಪಿಯನ್ನು ಇಡಿಯಾಗಿ ಗಣಕಕ್ಕೆ ತಂದಿತು. ಟೈಪ್‌ರೈಟರಿಗಾಗಿ ಕತ್ತರಿಸಿದ್ದನ್ನು ಟೈಪ್‌ರೈಟರ್ ಹೋದಮೇಲೆ ಮತ್ತೆ ಹೊಲಿಯುವ ಕೆಲಸ ಅದು.

ಮೊಳೆ 20ನೇ ಶತಮಾನದ ಕೊನೆಯ ದಶಕಗಳಲ್ಲಿ ಹೋಯಿತು. ಫೋಟೋ ಅಕ್ಷರಜೋಡಣೆ, ಅದರ ಹಿಂದೆಯೇ ಡಿಟಿಪಿ ಬಂದವು. ಕೇಸುಗಳಲ್ಲಿದ್ದ ಸೀಸ ತೂಕದ ಲೆಕ್ಕದಲ್ಲಿ ಮಾರಾಟವಾಯಿತು, ಟ್ರೆಡಲ್‌ಗಳು ಕೆಲಕಾಲ ಲಗ್ನಪತ್ರಿಕೆ, ರಸೀದಿ ಪುಸ್ತಕಗಳಲ್ಲಿ ಉಸಿರು ಹಿಡಿದವು. ಆದರೆ ಮೊಳೆಯ ಯುಕ್ತಿ ಅದರ ಜೊತೆ ಹೋಗಲಿಲ್ಲ. ಆರಂಭದ ಗಣಕ ಅಕ್ಷರಮಾಲೆಗಳಲ್ಲಿ ಮತ್ತೆ ಗೂಡುಗಳೇ, ಹೆಚ್ಚೆಂದರೆ 256. ಬರಹ, ನುಡಿ ತಂತ್ರಾಂಶಗಳು ಆ ಗೂಡುಗಳನ್ನು ತುಂಬಿದ ರೀತಿ ಯಾವ ಹಳೆಯ ಕಂಪೋಸಿಟರನಿಗೂ ಅರ್ಥವಾಗುವಂಥದು: ಕಿ ಇಡಿಯಾಗಿ ಒಂದು ಗುರುತು, ಕೊಂಬು ಬಿಡಿ, ಒತ್ತುಗಳು ಬಿಡಿ, ಅರ್ಕಾವೊತ್ತು ಅಕ್ಷರದ ಆಮೇಲೆ. ಮೊಳೆಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಕ ಅಕ್ಷರವನ್ನೂ ತಲೆಯಿಲ್ಲದ ಒಡಲು ಮತ್ತು ತಲೆಕಟ್ಟು ಎಂದು ಎರಡು ಮಾಡಿದರು, ಕೂಲಿಮಠದ ಹುಡುಗ ಹೇಳುತ್ತಿದ್ದಂತೆಯೇ. ಬೆರಳಿಗೆ ಮಾತ್ರ ಹೊಸ ಕ್ರಮ ಬಂತು. ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿ ಬರೆಯುವವನು ಉಲಿಯುವ ಕ್ರಮದಲ್ಲೇ ಒತ್ತುತ್ತಾನೆ, ತುಂಡುಗಳನ್ನು ಜೋಡಿಸುವ ಕೆಲಸ ಯಂತ್ರದ್ದು. ಯುನಿಕೋಡ್ ಆ ಉಲಿಯ ಕ್ರಮವನ್ನೇ ಕಡತದೊಳಕ್ಕೂ ತಂದಿತು. ಹಾಗಾಗಿ ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಕೂಡಿಟ್ಟ ಪಠ್ಯಗಳನ್ನು ಯುನಿಕೋಡಿಗೆ ತರುವ ಪರಿವರ್ತಕಗಳು ಇಂದಿಗೂ ಹಳೆಯ ಕೇಸಿನ ತರ್ಕವನ್ನು ತಿಳಿದಿರಬೇಕಾಗುತ್ತದೆ: ಒಡಲಿಗೂ ತಲೆಕಟ್ಟಿಗೂ ಗಂಟು ಹಾಕಬೇಕು, ಸ್ತ್ರೀಯ ದೀರ್ಘವನ್ನು ಒತ್ತುಗಳ ಆಚೆಯಿಂದ ತಂದು ಸ್ವರಕ್ಕೆ ಸೇರಿಸಬೇಕು, ಧರ್ಮದ ರಕಾರವನ್ನು ಮಕಾರದ ಹಿಂದಿನಿಂದ ಎತ್ತಿ ಮುಂದಕ್ಕಿಡಬೇಕು.